ಮಗುವಿನ ಕೈಗೆ ಏನು ಕೊಡೋಣ?



ಸಂಕ್ರಮಣ ಬಂತೆಂದರೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆ. ಏಳು ನಂದಿಧ್ವಜಗಳ ಮೆರವಣಿಗೆ ನೋಡಿ, ಅಕ್ಷತೆ ಹಾಕಿ, ಹೋಮ್ ಮೈದಾನದ ಕಡೆಗೆ ಹೊರಳಿದ ಅಪ್ಪ-ಅವ್ವಂದಿರನ್ನು ಮಕ್ಕಳು ಎಳೆದುಕೊಂಡು ಹೋಗುವುದು ಆಟಿಕೆಯ ಅಂಗಡಿಗೆ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಹೋಗುವ ಹಾದಿಯಲ್ಲಿಯೂ ಇದೇ ಎಳೆದಾಟ. ಕೀಲಿ ಕೊಟ್ಟರೆ ಓಡುವ ಮೋಟಾರು, ಗುಂಡಿ ಒತ್ತಿದರೆ ಹಾಡುವ ಗೊಂಬೆ, ದೀಪ ಮಿನುಗುವ ಬಂದೂಕು. ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದರಿಂದ ಹುಡುಗ ಶಾಣ್ಯಾ ಆಗುತ್ತಾನೇನು? ಅಂಗಡಿಯವನು ಎಲ್ಲಕ್ಕಿಂತ ತುಟ್ಟಿಯಾದುದನ್ನು ತೋರಿಸಿ ಆಗುತ್ತಾನೆ ಅನ್ನುತ್ತಾನೆ. ಅವನ ವ್ಯಾಪಾರ ಅವನಿಗೆ. ಆದರೆ ಆ ಪ್ರಶ್ನೆ ಮಾತ್ರ ಒಳ್ಳೆಯ ಪ್ರಶ್ನೆ. ಅದಕ್ಕೆ ಅಂಗಡಿಯ ಹೊರಗೆ ಸಿಗುವ ಉತ್ತರವನ್ನು ಇಂದು ನೋಡೋಣ.

ನಮ್ಮಲ್ಲಿ ಆಟವೆಂದರೆ ಕೆಲಸವಿಲ್ಲದಾಗಿನ ಕೆಲಸ. "ಬರೇ ಆಡ್ತಾನ, ಏನೂ ಕಲಿಯೂದಿಲ್ಲ" ಎಂದು ಮೂರು ವರ್ಷದ ಕೂಸಿನ ಮೇಲೆ ದೂರು ಹೇಳುವ ತಾಯಂದಿರಿದ್ದಾರೆ. ಮೈಂದರ್ಗಿಯಲ್ಲಿಯೂ ಇದ್ದಾರೆ, ಪುಣೆಯಲ್ಲಿಯೂ ಇದ್ದಾರೆ. ಆದರೆ ಆ ವಯಸ್ಸಿನಲ್ಲಿ ಆಟ ಮತ್ತು ಕಲಿಕೆ ಎಂಬ ಎರಡು ಬೇರೆ ಸಂಗತಿಗಳೇ ಇಲ್ಲ. ಮನುಷ್ಯನ ಮೆದುಳು ಸುಮಾರು ಮೂರು ವರ್ಷದೊಳಗೆ ದೊಡ್ಡವರ ಮೆದುಳಿನ ಗಾತ್ರದ ನೂರಕ್ಕೆ 80 ಭಾಗದಷ್ಟು ಬೆಳೆದಿರುತ್ತದೆ. ಗಾತ್ರಕ್ಕಿಂತ ಮುಖ್ಯವಾದದ್ದು ಒಳಗಿನ ನರತಂತುಗಳ ಜೋಡಣೆ. ಮಗು ಮಾಡಿದ್ದನ್ನೇ ಮಾಡಿ, ನೋಡಿದ್ದನ್ನೇ ನೋಡಿ, ಬಿಸಾಕಿದ್ದನ್ನೇ ಬಿಸಾಕಿ ಆ ಜೋಡಣೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಬಳಸಿದ ಹಾದಿ ಉಳಿಯುತ್ತದೆ, ಬಳಸದ ಹಾದಿಯಲ್ಲಿ ಹುಲ್ಲು ಬೆಳೆಯುತ್ತದೆ. ಎಂಟು ತಿಂಗಳ ಕೂಸು ಚಮಚೆಯನ್ನು ಹತ್ತು ಸಲ ಕೆಳಗೆ ಎಸೆದು ನಿಮ್ಮ ಮುಖ ನೋಡುವುದು ನಿಮ್ಮನ್ನು ಕಾಡಲಿಕ್ಕಲ್ಲ. ಎಸೆದರೆ ಸಪ್ಪಳವಾಗುತ್ತದೆಯೋ, ಎಸೆದದ್ದು ಎಲ್ಲಿ ಹೋಗುತ್ತದೆ, ಅವ್ವ ಎತ್ತಿ ಕೊಡುತ್ತಾಳೋ ಎಂಬ ಮೂರು ಪರೀಕ್ಷೆಗಳನ್ನು ಅದು ಒಮ್ಮೆಲೇ ಮಾಡುತ್ತಿರುತ್ತದೆ.

ಇದು ಬರಿಯ ಹೇಳಿಕೆಯಲ್ಲ, ಅಳೆದು ನೋಡಿದ ಮಾತು. ವೆಸ್ಟ್ ಇಂಡೀಸಿನ ಜಮೈಕಾ ದ್ವೀಪ ಕ್ರಿಕೆಟ್ ಕೇಳುವವರಿಗೆ ಗೊತ್ತು. ಅಲ್ಲಿಯ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ 1986-87ರ ಸುಮಾರಿಗೆ ಸ್ಯಾಲಿ ಗ್ರ್ಯಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಸರಿಯಾದ ಪೋಷಣೆಯಿಲ್ಲದೆ ಎತ್ತರ ಕುಂಠಿತವಾದ, 9ರಿಂದ 24 ತಿಂಗಳಿನ 129 ಕೂಸುಗಳನ್ನು ಆರಿಸಿ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿಯ ಆಹಾರ. ಎರಡನೆಯದಕ್ಕೆ ವಾರಕ್ಕೊಂದು ತಾಸು ಆಟ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಆಟದ ಗುಂಪಿನ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ಎರಡು ವರ್ಷ ವಾರವಾರ ಹೋಗುತ್ತಿದ್ದಳು. ಅವಳ ಚೀಲದಲ್ಲಿ ಅಂಗಡಿಯ ಆಟಿಕೆಯಿರಲಿಲ್ಲ. ಖಾಲಿ ಬಾಟಲಿ, ರಟ್ಟಿನ ಡಬ್ಬಿ, ಚಿಂದಿ ಬಟ್ಟೆ, ಮರದ ತುಂಡುಗಳಿಂದ ಮಾಡಿದ ಸಾಮಾನುಗಳಿದ್ದವು. ಅವಳು ಕೂಸಿನೊಡನೆ ತಾನೊಬ್ಬಳೇ ಆಡಿ ಬರುತ್ತಿರಲಿಲ್ಲ. ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಗೆ ಆಡಿಸಬೇಕು, ಆಡಿಸುತ್ತ ಏನು ಮಾತಾಡಬೇಕು ಎಂಬುದನ್ನು ತೋರಿಸಿ, ಸಾಮಾನುಗಳನ್ನು ಆ ಮನೆಯಲ್ಲಿಯೇ ಬಿಟ್ಟು ಬರುತ್ತಿದ್ದಳು. ಮುಂದಿನ ವಾರ ಅವನ್ನು ಬದಲಿಸಿ ಬೇರೆ ಕೊಡುತ್ತಿದ್ದಳು.

ಮೊದಲ ಎರಡು ವರ್ಷ ಹಾಲಿನಿಂದಲೂ ಗುಣ ಕಂಡಿತು, ಆಟದಿಂದಲೂ ಕಂಡಿತು. ಬಹಳ ಸುಧಾರಿಸಿದ್ದು ಎರಡೂ ಸಿಕ್ಕ ಮಕ್ಕಳು. ಆದರೆ ನಿಜವಾದ ಕತೆ ಮುಂದಿದೆ. ಆ ಮಕ್ಕಳು ಬೆಳೆದು 22 ವರ್ಷದವರಾದಾಗ ಮತ್ತೆ ಹುಡುಕಿ ನೋಡಿದರು, 105 ಮಂದಿ ಸಿಕ್ಕರು. 2014ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಹಾಲಿನ ಪುಡಿಯ ಪರಿಣಾಮ ಅಷ್ಟೊತ್ತಿಗೆ ಉಳಿದಿರಲಿಲ್ಲ. ಚಿಕ್ಕಂದಿನಲ್ಲಿ ವಾರಕ್ಕೊಂದು ತಾಸು ಆಡಿಸಿಕೊಂಡವರ ಗಳಿಕೆ ಮಾತ್ರ ಆಡಿಸಿಕೊಳ್ಳದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಇದನ್ನು ಕೇಳಿ ಕೂಸಿಗೆ ಹಾಲು ಬೇಡ, ಚೆಂಡು ಸಾಕು ಅಂದುಕೊಳ್ಳಬಾರದು. ಹೊಟ್ಟೆ ಹಸಿದ ಮಗು ಆಡುವುದೇ ಇಲ್ಲ. ಆದರೆ ನಾವು ಉಣಿಸುವುದಕ್ಕೆ ಪಡುವ ಕಾಳಜಿಯ ಕಾಲು ಭಾಗವನ್ನೂ ಆಡಿಸುವುದಕ್ಕೆ ಪಡುವುದಿಲ್ಲ ಎಂಬುದು ನಿಜ. ಇದೇ ಪದ್ಧತಿಯನ್ನು ನಂತರ ನಮ್ಮ ದೇಶದಲ್ಲಿ, ಒಡಿಶಾದ ಕಟಕ್ ನಗರದ ಕೊಳಚೆ ಬಡಾವಣೆಗಳಲ್ಲಿ ನಡೆಸಿದಾಗಲೂ ಮಕ್ಕಳ ತಿಳಿವಳಿಕೆ ಮತ್ತು ಮಾತು ಮುಂದುವರಿದದ್ದು ಕಂಡುಬಂತು.

ಈ ಪ್ರಯೋಗದಲ್ಲಿ ಗಮನಿಸಬೇಕಾದ್ದು ಚೀಲದ ಸಾಮಾನು ಅಲ್ಲ, ಪಕ್ಕಕ್ಕೆ ಕೂತ ತಾಯಿ. ಅಮೆರಿಕದಲ್ಲಿ 2016ರಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟವಾಯಿತು. 10ರಿಂದ 16 ತಿಂಗಳಿನ ಕೂಸುಗಳಿದ್ದ 26 ಮನೆಗಳಿಗೆ ಮೂರು ಬಗೆಯ ಸಾಮಾನು ಕೊಟ್ಟು ನೋಡಿದರು: ದೀಪ ಮಿನುಗಿ ಹಾಡುವ ಆಟಿಕೆ, ಮರದ ತುಂಡುಗಳಂಥ ಸಾದಾ ಆಟಿಕೆ, ಚಿತ್ರದ ಪುಸ್ತಕ. ಹಾಡುವ ಆಟಿಕೆ ಮುಂದಿದ್ದಾಗ ತಂದೆ-ತಾಯಿ ಆಡಿದ ಮಾತು ಎಲ್ಲಕ್ಕಿಂತ ಕಡಿಮೆ, ಕೂಸು ತೊದಲಿದ್ದೂ ಕಡಿಮೆ. ಕಾರಣ ಸರಳ. ಆಟಿಕೆಯೇ ಮಾತಾಡಿದರೆ ಮನುಷ್ಯ ಸುಮ್ಮನಾಗುತ್ತಾನೆ. ಯಾತ್ರೆಯ ಅಂಗಡಿಯಲ್ಲಿ ಎಲ್ಲಕ್ಕಿಂತ ತುಟ್ಟಿ ಎಂದು ತೋರಿಸಿದ ಗೊಂಬೆ ಅದೇ ತಾನೆ?

ಇಲ್ಲಿ ನಮ್ಮ ಗಡಿನಾಡಿನದೇ ಒಂದು ಪ್ರಶ್ನೆ ಎದುರಾಗುತ್ತದೆ. ಯಾವ ಮಾತಿನಲ್ಲಿ ಆಡಿಸಬೇಕು? ದುಧನಿ, ನಾಗಣಸೂರ, ಕರಜಗಿಯ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಸೊಲ್ಲಾಪುರ ಪಟ್ಟಣದ ನೇಕಾರರ ಓಣಿಯಲ್ಲಿ ಇವೆರಡರ ಜೊತೆಗೆ ತೆಲುಗು, ಮಗ್ಗಲು ಓಣಿಯಲ್ಲಿ ಉರ್ದು. ಇತ್ತೀಚೆಗೆ ಎಲ್ಲರ ಮನೆಯಲ್ಲೂ ಇಂಗ್ಲಿಷ್ ಶಾಲೆಯ ಆಸೆ. ಹೀಗಾಗಿ ಕೆಲವು ತಾಯಂದಿರು ತಮ್ಮ ಬಾಯಿಗೆ ಸಲೀಸಾದ ಮಾತನ್ನು ಬಿಟ್ಟು, ಅರೆಬರೆ ಬರುವ ಮಾತಿನಲ್ಲಿ ಕೂಸನ್ನು ಆಡಿಸುತ್ತಾರೆ. "ಎರಡು ಭಾಷೆ ಕೇಳಿದರೆ ಕೂಸಿಗೆ ಗೊಂದಲವಾಗುತ್ತದೆ, ಮಾತು ತಡವಾಗುತ್ತದೆ" ಎಂದು ಓದಿದವರೇ ಹೇಳಿ ಹೆದರಿಸಿರುತ್ತಾರೆ.

ಇದು ಸುಳ್ಳು ಹೆದರಿಕೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ಬರುವುದು ತಡವಾಗುವುದಿಲ್ಲ ಎಂದು ಭಾಷಾತಜ್ಞರು ಹಲವು ದೇಶಗಳಲ್ಲಿ ನೋಡಿ ಹೇಳಿದ್ದಾರೆ. ಒಂದೊಂದು ಭಾಷೆಯನ್ನೇ ಎಣಿಸಿದರೆ ಶಬ್ದ ಸ್ವಲ್ಪ ಕಡಿಮೆ ಕಾಣಬಹುದು, ಎರಡನ್ನೂ ಕೂಡಿಸಿ ಎಣಿಸಬೇಕು. ಕೂಸು ಗಿಲಕಿಯನ್ನು ಅಜ್ಜಿಯ ಮುಂದೆ "ಗಿಲಕಿ" ಅಂದು, ನೆರೆಮನೆಯ ಮಾವಶಿಯ ಮುಂದೆ "ಖುಳಖುಳಾ" ಅಂದರೆ ಅದು ಎರಡು ಶಬ್ದಗಳ ಗಳಿಕೆ. ಯಾರ ಮುಂದೆ ಯಾವುದನ್ನು ಅನ್ನಬೇಕು ಎಂದು ತಿಳಿದದ್ದು ಮೂರನೆಯ ಗಳಿಕೆ. ತಾಯಿ ಯಾವ ಮಾತಿನಲ್ಲಿ ಸಿಟ್ಟು ಮಾಡುತ್ತಾಳೆಯೋ, ಯಾವ ಮಾತಿನಲ್ಲಿ ಮುದ್ದು ಮಾಡುತ್ತಾಳೆಯೋ ಆ ಮಾತಿನಲ್ಲಿಯೇ ಆಡಿಸಬೇಕು. ಅದರಲ್ಲಿ ಅವಳಿಗೆ ನೂರು ಬಣ್ಣದ ಶಬ್ದಗಳಿರುತ್ತವೆ. ಎರವಲು ತಂದ ಮಾತಿನಲ್ಲಿ "ಇದು ತಗೋ, ಅದು ಇಡು" ಎಂಬಷ್ಟೇ ಇರುತ್ತದೆ. ಮಾತು ನಿಜವಾಗಿ ತಡವಾಗಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಅದನ್ನು ಮುಂದೆ ಹೇಳುತ್ತೇನೆ.

ಈಗ ಸಾಮಾನಿಗೆ ಬರೋಣ. ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಒಂದು ಗೇಣಿನಿಂದ ಸುಮಾರು 30 ಸೆಂಟಿಮೀಟರಿನ ದೂರದ ತನಕ. ಮೊಲೆಯುಣ್ಣುವ ಕೂಸಿಗೂ ತಾಯಿಯ ಮುಖಕ್ಕೂ ಇರುವ ದೂರ ಅಷ್ಟೇ. ಹೀಗಾಗಿ ಮೊದಲ ಆಟಿಕೆ ಆ ಮುಖವೇ. ತೊಟ್ಟಿಲ ಮೇಲೆ ಗಿಳಿ-ಗುಬ್ಬಿ ಕಟ್ಟುವ ಪದ್ಧತಿ ಎರಡೂ ಭಾಷೆಯವರಲ್ಲಿದೆ. ಬಹಳ ಒಳ್ಳೆಯ ಪದ್ಧತಿ. ಆದರೆ ನಾವು ಅದನ್ನು ಕೂತವರ ಕಣ್ಣಿಗೆ ಚಂದ ಕಾಣುವ ಎತ್ತರಕ್ಕೆ ಕಟ್ಟುತ್ತೇವೆ. ಮಲಗಿದ ಕೂಸಿಗೆ ಕಾಣುವಂತೆ ಸ್ವಲ್ಪ ಇಳಿಸಿ, ಕಪ್ಪು-ಬಿಳುಪು ಇಲ್ಲವೆ ಕೆಂಪಿನ ಗಾಢ ಬಣ್ಣದ್ದನ್ನು ಕಟ್ಟಬೇಕು. ಕೂಸು ಕೈ ಚಾಚಿ ಹಿಡಿಯತೊಡಗಿದ ಮೇಲೆ ದಾರದ ಕುಣಿಕೆ ಕೊರಳಿಗೆ ಸಿಗದಂತೆ ತೆಗೆದುಬಿಡಬೇಕು. ಎಚ್ಚರವಿದ್ದಾಗ, ನೀವು ಎದುರಿಗಿದ್ದಾಗ, ಕೌದಿಯ ಮೇಲೆ ಸ್ವಲ್ಪ ಹೊತ್ತು ಬೋರಲು ಹಾಕಿ. ಕತ್ತು, ಬೆನ್ನು, ತೋಳು ಗಟ್ಟಿಯಾಗುವುದು ಹಾಗೆ. ನಿದ್ದೆಗೆ ಮಾತ್ರ ಅಂಗಾತ.

ಆರು ತಿಂಗಳಿನ ಮೇಲೆ ಕೂಸಿಗೆ ಹಿಡಿಯುವ ಹುಚ್ಚು, ಬಾಯಿಗೆ ಹಾಕುವ ಹುಚ್ಚು. ಸ್ಟೀಲಿನ ವಾಟಗ, ಮರದ ಸೌಟು, ಒಂದರೊಳಗೊಂದು ಕೂರುವ ಡಬ್ಬಿಗಳು ಸಾಕು. ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ಆಟಕ್ಕೆ ಕೂಸು ಕೇಕೆ ಹಾಕುತ್ತದೆ. ಕಣ್ಣಿಗೆ ಕಾಣದಿದ್ದರೂ ಅವ್ವ ಇದ್ದಾಳೆ ಎಂದು ಅದು ಆಗತಾನೆ ಕಂಡುಕೊಳ್ಳುತ್ತಿರುತ್ತದೆ. ದೊಡ್ಡ ದೊಡ್ಡ ತತ್ವಜ್ಞಾನಿಗಳು ಜಗಳವಾಡಿದ ವಿಷಯವದು.

ವರ್ಷ ತುಂಬಿದ ಮೇಲೆ ತಳ್ಳುವ, ಎಳೆಯುವ ಸಾಮಾನು ಬೇಕು. ಮರಾಠಿಯಲ್ಲಿ ಪಾಂಗುಳಗಾಡಾ ಎನ್ನುವ ಮೂರು ಗಾಲಿಯ ಮರದ ಬಂಡಿ ನಮ್ಮ ಬಡಿಗೇರರು ಹಿಂದಿನಿಂದ ಮಾಡುತ್ತ ಬಂದದ್ದು. ಕೂಸು ನಿಂತು, ಹಿಡಿಕೆ ಹಿಡಿದು, ತನ್ನ ಭಾರ ತಾನೇ ಹೊತ್ತು ತಳ್ಳುತ್ತದೆ. ಬಿದ್ದರೂ ನೆಲಕ್ಕೆ ಕೂರುತ್ತದೆ. ಈಗ ಪೇಟೆಯಲ್ಲಿ ಸಿಗುವ ವಾಕರ್ ಇದಕ್ಕೆ ಪೂರ್ತಿ ಉಲ್ಟಾ. ಕೂಸು ಬಟ್ಟೆಯ ಸೀಟಿನಲ್ಲಿ ತೂಗಿ ಕೂತು ತುದಿಬೆರಳಿನಿಂದ ನೆಲ ಮೀಟುತ್ತದೆ. ತನ್ನ ಕಾಲು ತನಗೆ ಕಾಣುವುದಿಲ್ಲ, ಸಮತೋಲ ಕಲಿಯುವುದಿಲ್ಲ, ಆದರೆ ಓಟ ಮಾತ್ರ ಜೋರು. ಕಟ್ಟೆಯಿಂದ ಉರುಳುವುದು, ಒಲೆಯ ಮೇಲಿನ ಬಿಸಿ ಸಾರಿಗೆ ಕೈ ಹಾಕುವುದು ಇದರಿಂದಲೇ. ಬೇಗ ನಡೆಯಲಿ ಎಂದು ಕೊಂಡ ವಾಕರಿನಿಂದ ನಡಿಗೆ ಬೇಗ ಬಂದದ್ದು ಕಂಡಿಲ್ಲ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಇದನ್ನು ಜವಳ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುತ್ತಾರೆ! ಬೀಗರಿಗೆ ಬೇಸರವಾಗದಂತೆ ತೆಗೆದುಕೊಂಡು ಅಟ್ಟದ ಮೇಲೆ ಇಡಿ.

ಎರಡು-ಮೂರು ವರ್ಷಕ್ಕೆ ಬಂದ ಮಗು ಕೋಲನ್ನು ಕಾಲ ಸಂದಿಗೆ ಹಾಕಿಕೊಂಡು ಕುದುರೆ ಎನ್ನುತ್ತದೆ. ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ 1933ರಲ್ಲಿ ಆಟದ ಕುರಿತು ಉಪನ್ಯಾಸ ಕೊಟ್ಟಾಗ ಇದೇ ಕೋಲು-ಕುದುರೆಯನ್ನು ಎತ್ತಿಕೊಂಡ. ಕಣ್ಣಿಗೆ ಕಾಣುವುದು ಕೋಲು, ಮನಸ್ಸಿನಲ್ಲಿರುವುದು ಕುದುರೆ. ವಸ್ತುವಿನಿಂದ ಅರ್ಥವನ್ನು ಬಿಡಿಸಿ ಬೇರೊಂದಕ್ಕೆ ಕೊಡುವ ಈ ಶಕ್ತಿ ಆಟದಲ್ಲಿ ಹುಟ್ಟುತ್ತದೆ ಎಂದು ಅವನ ವಾದ. ಯೋಚಿಸಿ ನೋಡಿ, ಮುಂದೆ ಪಾಟಿಯ ಮೇಲೆ ಬರೆದ ಒಂದು ಗೆರೆಯನ್ನು "ಅ" ಎಂದು ಒಪ್ಪಿಕೊಳ್ಳುವುದಕ್ಕೂ ಇದೇ ಶಕ್ತಿ ಬೇಕು. ಅಂಗಡಿಯ ಪ್ಲಾಸ್ಟಿಕ್ ಕುದುರೆ ಯಾವಾಗಲೂ ಕುದುರೆಯೇ. ಕೋಲು ಮುಂಜಾನೆ ಕುದುರೆ, ಮಧ್ಯಾಹ್ನ ಬಾರುಕೋಲು, ಸಂಜೆ ನಂದಿಕೋಲು. ಈ ಲೆಕ್ಕದಲ್ಲಿ ಕೋಲೇ ಶ್ರೀಮಂತ ಆಟಿಕೆ.

ಅಡಿಗೆಯ ಆಟವೂ ಇದೇ ಜಾತಿಯದು. ಮರಾಠಿಯಲ್ಲಿ ಭಾತುಕಲಿ. ಮಣ್ಣಿನ ಭಕ್ರಿ ಬಡಿದು, ಬೇವಿನ ಎಲೆಯ ಪಲ್ಯ ಮಾಡಿ, "ಉಣ್ರಿ, ಸಂಕೋಚ ಮಾಡಬ್ಯಾಡ್ರಿ" ಎಂದು ಬೀಗರಿಗೆ ಉಪಚಾರ ಹೇಳುವ ನಾಲ್ಕು ವರ್ಷದ ಹುಡುಗಿ ಎಷ್ಟು ಉದ್ದದ ವಾಕ್ಯ ಕಟ್ಟುತ್ತಾಳೆ ಎಂದು ಮರೆಯಲ್ಲಿ ನಿಂತು ಕೇಳಿ. ಗಂಡುಹುಡುಗ ಇದನ್ನು ಆಡಿದರೆ ನಕ್ಕು ಎಬ್ಬಿಸಬೇಡಿ. ಅಕ್ಕಲಕೋಟದ ಅನ್ನಛತ್ರದಲ್ಲಿ ಸೌಟು ಹಿಡಿದು ಬಡಿಸುವವರಲ್ಲಿ ಗಂಡಸರಿಲ್ಲವೇ?

ನಮ್ಮ ಸೀಮೆಯಲ್ಲಿ ಬೇರೆ ಕಡೆ ಸಿಗದ ಒಂದು ಆಟಿಕೆಯ ಕಾರಖಾನೆಯಿದೆ. ಅದು ಜೋಳದ ಹೊಲ. ಸುಗ್ಗಿ ಮುಗಿದು ಕಣಕಿಯ ಬಣವೆ ಒಟ್ಟಿದ ಮೇಲೆ, ಮಾಲದಂಡಿ ಜೋಳದ ಒಣಗಿದ ದಂಟು ಬೇಕಾದಷ್ಟು. ಮೇಲಿನ ಸಿಬರನ್ನು ಸೀಳಿ ತೆಗೆದರೆ ಒಳಗೆ ಹತ್ತಿಯಂತೆ ಹಗುರವಾದ ಬೆಂಡು. ಬೆಂಡನ್ನು ತುಂಡು ಮಾಡಿ ಗಾಲಿ, ಸಿಬರಿನ ಕಡ್ಡಿಯನ್ನು ಚುಚ್ಚಿ ಅಚ್ಚು, ನೊಗ, ಈಸು. ಹೀಗೆ ಒಂದು ಇಡೀ ಬಂಡಿ, ಅದಕ್ಕೆ ಜೋಡೆತ್ತು. ಮೊಳೆಯಿಲ್ಲ, ಅಂಟಿಲ್ಲ, ಒಂದು ಪೈಸೆ ಖರ್ಚಿಲ್ಲ. ಆರೇಳು ವರ್ಷದ ಹುಡುಗ ಇದನ್ನು ಮಾಡುವಾಗ ಅಳತೆ, ಸಮತೋಲ, ಜೋಡಣೆಯ ಅಷ್ಟೂ ಲೆಕ್ಕವನ್ನು ಬೆರಳಿನಿಂದ ಕಲಿಯುತ್ತಾನೆ. ಎರಡು ಗಾಲಿ ಸಮನಿಲ್ಲದಿದ್ದರೆ ಬಂಡಿ ಸೊಟ್ಟ ಹೋಗುತ್ತದೆ, ಮಾಸ್ತರರು ತಪ್ಪು ಎಂದು ಹೇಳಬೇಕಾಗಿಲ್ಲ. ಸಿಬರು ಬ್ಲೇಡಿನಷ್ಟು ಹರಿತ, ಅದಕ್ಕೆ ಐದು ವರ್ಷದೊಳಗಿನವರಿಗೆ ಸೀಳಿಸುವ ಕೆಲಸ ಬೇಡ. ಅವರಿಗೆ ಬೆಂಡಿನ ತುಂಡು ಕೊಟ್ಟು, ಕಡ್ಡಿ ಚುಚ್ಚುವುದನ್ನು ನೀವು ಮಾಡಿ. ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಪುಣೆಯಲ್ಲಿದ್ದು ಬೆಂಕಿಕಡ್ಡಿ, ಸೈಕಲ್ ವಾಲ್ವಿನ ನಳಿಕೆಗಳಿಂದ ಮಾಡಿಸಿದ್ದನ್ನು ನಮ್ಮ ದನಗಾಹಿ ಹುಡುಗರು ದಂಟಿನಿಂದ ಮಾಡುತ್ತಿದ್ದರು. ಈಗ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಅಜ್ಜಂದಿರಿಗೆ ಬರುತ್ತದೆ, ಕೇಳಿ ಕಲಿಯಬೇಕು.

ಮಣ್ಣೂ ಹಾಗೆಯೇ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು ಮಾಡುತ್ತೇವೆ. ವರ್ಷಕ್ಕೊಂದೇ ದಿನ ಯಾಕೆ? ಎರಿಮಣ್ಣು ಕಲಸಿ, ಹಿಚುಕಿ, ಉಂಡೆ ಕಟ್ಟಿ, ಕೋಡು ಎಳೆಯುವಾಗ ಬೆರಳಿನ ಸಣ್ಣ ಸ್ನಾಯುಗಳು ಗಟ್ಟಿಯಾಗುತ್ತವೆ. ಮೂರು ವರ್ಷದ ಮಗುವಿನ ಕೈಗೆ ಪಾಟಿ-ಪೆನ್ಸಿಲು ಕೊಟ್ಟು ಅಕ್ಷರ ತಿದ್ದಿಸುವ ಅವಸರ ಈಗ ಬಹಳವಾಗಿದೆ. ಮುಷ್ಟಿಯಿಂದ ಕಡ್ಡಿ ಹಿಡಿಯುವ ಮಗುವಿಗೆ ಮೂರು ಬೆರಳಿನ ಹಿಡಿತ ಬರುವುದಕ್ಕೆ ಇನ್ನೂ ಒಂದೆರಡು ವರ್ಷ ಬೇಕು. ಅಲ್ಲಿಯ ತನಕ ಮಣ್ಣು, ಕಣಕ, ಬಟಾಣಿ ಸುಲಿಯುವುದು, ಹೂ ಪೋಣಿಸುವುದು. ನನ್ನ ಮಟ್ಟಿಗೆ, ಮೂರು ವರ್ಷಕ್ಕೆ ಅಕ್ಷರ ಬರೆಸುವ ಶಾಲೆಗಿಂತ ಮಣ್ಣಿನಲ್ಲಿ ಬಿಡುವ ಅಂಗಳ ಮೇಲು.

ಸೊಲ್ಲಾಪುರ ಚಾದರ, ಟಾವೆಲ್ಲುಗಳ ಊರು. ತುಂಡುಬಟ್ಟೆಗೆ ಬರವಿಲ್ಲ. ಚಿಂದಿ ತುಂಬಿ ಹೊಲಿದ ಚೆಂಡು ಎಸೆದರೆ ಯಾರಿಗೂ ನೋವಾಗುವುದಿಲ್ಲ, ಹಿಡಿಯಲು ಸುಲಭ, ಉರುಳಿ ಗಟಾರಕ್ಕೆ ಹೋಗುವುದಿಲ್ಲ. ಬಟ್ಟೆಯ ಗೊಂಬೆಗೆ ಗುಂಡಿಯ ಕಣ್ಣು ಹೊಲಿಯಬೇಡಿ, ದಾರದಿಂದ ಕಣ್ಣು ಬರೆಯಿರಿ.

ಗುಂಡಿ ಎಂದಾಗ ಅಪಾಯದ ಮಾತು ಬಂತು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಮೂರು ವರ್ಷದೊಳಗಿನ ಮಗುವಿಗೆ, ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಅಥವಾ ಅದಕ್ಕಿಂತ ಚಿಕ್ಕ ಯಾವ ವಸ್ತುವೂ ಆಟಿಕೆಯಲ್ಲ. ಕವಡೆ, ಗೋಟಿ, ಗಜ್ಜುಗ, ಹುಣಸೆಬೀಜ ಇವೆಲ್ಲ ಅಣ್ಣ-ಅಕ್ಕಂದಿರ ಆಟದ ಸಾಮಾನು. ಆಟ ಮುಗಿದ ಮೇಲೆ ಎಣಿಸಿ ಎತ್ತಿಡುವುದನ್ನು ಅವರಿಗೆ ಕಲಿಸಬೇಕು. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಶೇಂಗಾ. ಚಟ್ನಿಗೆಂದು ಹುರಿದಿಟ್ಟ ಕಾಳನ್ನು ಕೂಸು ಬಾಯಿಗೆ ಹಾಕಿಕೊಂಡು ನಗುವಾಗ, ಓಡುವಾಗ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ನಾಲ್ಕೈದು ವರ್ಷದ ತನಕ ಇಡೀ ಶೇಂಗಾಕಾಳು ಬೇಡ, ಪುಡಿ ಮಾಡಿ ಕೊಡಿ.

ಹೊಸ ಕಾಲದ ಅಪಾಯ ಬಿಲ್ಲೆಯಂಥ ಬ್ಯಾಟರಿ ಸೆಲ್. ಹಾಡುವ ಗೊಂಬೆ, ಮಿನುಗುವ ಬಳೆ, ರಿಮೋಟು ಎಲ್ಲದರಲ್ಲಿಯೂ ಅದಿದೆ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಬಿದ್ದರೆ ಎರಡು ತಾಸಿನೊಳಗೆ ಸುಡತೊಡಗುತ್ತದೆ. ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಓಡಬೇಕು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಮನೆಗೆ ತರಲೇಬೇಡಿ.

ಇನ್ನು ಬಣ್ಣ. ಅಗ್ಗದ ಬಣ್ಣದಲ್ಲಿ ಸೀಸ ಇರಬಹುದು, ಸೀಸ ಮಕ್ಕಳ ಮೆದುಳಿಗೆ ವಿಷ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ಮಾಡಿದ ಆಟಿಕೆಗಳಿಗೆ ಇದರಿಂದ ವಿನಾಯಿತಿಯಿದೆ. ಆದ್ದರಿಂದ ಚನ್ನಪಟ್ಟಣದ ಆಟಿಕೆಯ ಮೇಲೆ ಆ ಗುರುತು ಕಾಣದಿದ್ದರೆ ಅದು ಖೊಟ್ಟಿ ಎಂದಲ್ಲ. ಆಲೆ ಮರವನ್ನು ಕಡಸಿ, ಅರಗಿನ ಬಣ್ಣ ಹಚ್ಚಿದ ಆ ಸಾಮಾನು ನುಣುಪು, ಮೂಲೆ ಚುಚ್ಚುವುದಿಲ್ಲ. ನಮ್ಮ ಮಹಾರಾಷ್ಟ್ರದ ಸಾವಂತವಾಡಿಯ ಮರದ ಆಟಿಕೆಗಳೂ ಹೆಸರಾದವೇ. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ ಮಾತ್ರ ಮಾಡದಲ್ಲಿಟ್ಟು ನೋಡಲಿಕ್ಕೆ ಚಂದ, ಕೂಸಿನ ಬಾಯಿಗಲ್ಲ.

ಬೀಡಿ ಕಟ್ಟುವ ತಾಯಂದಿರಿಗೆ ಒಂದು ಮಾತು. ಸೊಲ್ಲಾಪುರದಲ್ಲಿ ನಿಮ್ಮ ಸಂಖ್ಯೆ ಸಣ್ಣದಲ್ಲ. ತೊಡೆಯ ಮೇಲೆ ಮರ, ಮರದ ತುಂಬ ಜರ್ದಾ, ಪಕ್ಕಕ್ಕೆ ತೆವಳುವ ಕೂಸು. ತಂಬಾಕಿನ ಪುಡಿ ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಕೂಸಿಗೆ ವಿಷವೇರಬಹುದು. ಕೂಸಿನ ಕೌದಿಯನ್ನು ಮಾರು ದೂರ, ಗಾಳಿ ಬರುವ ಕಡೆ ಹಾಕಿ. ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಬೀಡಿಯ ಕತ್ತರಿ, ಎಲೆಯ ಚೂರು ಆಟಿಕೆಯಾಗಬಾರದು. ಆಡಿಸಲು ಹೊತ್ತಿಲ್ಲ ಅನ್ನುತ್ತೀರಿ, ನಿಜ. ಸಾವಿರ ಬೀಡಿಯ ಲೆಕ್ಕ ಮುಗಿಯಬೇಕು. ಆದರೆ ನಿಮ್ಮ ಕೈ ಖಾಲಿಯಿಲ್ಲ, ಬಾಯಿ ಖಾಲಿಯಿದೆ. "ಡಬ್ಬಿ ಮುಚ್ಚಿದೇನ? ತೆಗಿ ನೋಡೂಣು, ಒಳಗ ಏನೈತಿ?" ಎಂದು ಕೇಳುತ್ತ ಹೋಗಿ. ಜಮೈಕಾದ ಆ ಕಾರ್ಯಕರ್ತೆಯೂ ತಾಯಂದಿರಿಗೆ ಇದನ್ನೇ ಕಲಿಸಿದ್ದು: ಒಗೆಯುವಾಗ, ಅಡಿಗೆ ಮಾಡುವಾಗ ಮಾಡುತ್ತಿರುವುದನ್ನೇ ಕೂಸಿಗೆ ಹೇಳುತ್ತ ಹೋಗುವುದು.

ಮೊಬೈಲಿನ ಬಗ್ಗೆ ಬಹಳ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ, ಯಾರೂ ಮಾಡುವುದಿಲ್ಲ. ಎರಡು ವರ್ಷದೊಳಗೆ ತೋರಿಸಲೇಬಾರದು ಎಂದು ಭಾರತದ ಮಕ್ಕಳ ವೈದ್ಯರ ಸಂಘದ ಸಲಹೆ. ಅಲ್ಲಿಂದ ಐದರ ತನಕ ದಿನಕ್ಕೆ ಒಂದು ತಾಸಿನ ಒಳಗೆ, ಅದೂ ನೀವು ಜೊತೆಗಿದ್ದು. ಉಣ್ಣಿಸುವುದಕ್ಕೆ ಮೊಬೈಲು ಕೊಟ್ಟರೆ ಕೂಸು ತುತ್ತನ್ನೂ ನೋಡುವುದಿಲ್ಲ, ನಿಮ್ಮ ಮುಖವನ್ನೂ ನೋಡುವುದಿಲ್ಲ.

ಆಟಿಕೆ ರಾಶಿ ಹಾಕುವುದೂ ಬೇಡ. ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳ ಮುಂದೆ ಒಮ್ಮೆ 16 ಆಟಿಕೆ, ಒಮ್ಮೆ 4 ಆಟಿಕೆ ಇಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಅರ್ಧ ಸಾಮಾನನ್ನು ಗಂಟು ಕಟ್ಟಿಟ್ಟು, ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ.

ಆಟದಿಂದ ಇನ್ನೊಂದು ಉಪಯೋಗವಿದೆ. ಕೂಸಿನ ತೊಂದರೆ ಮೊದಲು ಕಾಣುವುದು ಆಟದಲ್ಲಿ. ಆರು ತಿಂಗಳ ಕೂಸು ಬೆನ್ನ ಹಿಂದೆ ಆಡಿಸಿದ ಗಿಲಕಿಯ ಸಪ್ಪಳಕ್ಕೆ ಹೊರಳದಿದ್ದರೆ, ವರ್ಷ ತುಂಬಿದರೂ ತೊದಲದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ "ಅವ್ವ ಬಾ" ಎಂಬಂತೆ ಎರಡು ಶಬ್ದ ಕೂಡಿಸದಿದ್ದರೆ ತಡ ಮಾಡಬಾರದು. ಅವರಪ್ಪನೂ ತಡವಾಗಿಯೇ ಮಾತಾಡಿದ, ಮನೆಯಲ್ಲಿ ಎರಡು ಭಾಷೆಯಿದೆ, ಅದಕ್ಕೇ ಹೀಗೆ ಎಂದು ಸಮಾಧಾನ ಹೇಳಿಕೊಂಡು ಎಷ್ಟೋ ಮನೆಗಳಲ್ಲಿ ಕಿವಿ ಕೇಳದ ಕೂಸಿನ ಅಮೂಲ್ಯ ವರ್ಷಗಳು ಹೋಗಿಬಿಡುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕೆಂಬ ನಿಯಮವಿದೆ. ಆ ದಿನ ಕೂಸನ್ನು ತಪ್ಪಿಸಬೇಡಿ. ನೀವು ಕಂಡದ್ದನ್ನು ನಿಮ್ಮ ಮಾತಿನಲ್ಲಿಯೇ ಹೇಳಿ.

ಅಂಗನವಾಡಿ ಎಂಬ ಮಾತು ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ತೆರೆದರು. ಅನುತಾಯಿ ವಾಘ್ ಅವರ ಜೊತೆಗೂಡಿದರು. ಇಟಲಿಯ ಮಾಂಟೆಸರಿ ಪದ್ಧತಿಯ ಸಾಮಾನು ಬಹಳ ತುಟ್ಟಿ. ಈ ಇಬ್ಬರೂ ಅದರ ಬದಲಿಗೆ ಕಪ್ಪೆಚಿಪ್ಪು, ಬೀಜ, ಎಲೆ, ಕಲ್ಲುಗಳನ್ನು ಬಳಸಿದರು. ತಮ್ಮ-ತಂಗಿಯರನ್ನು ಆಡಿಸುತ್ತ ಮನೆಯಲ್ಲಿ ಉಳಿದ ಆದಿವಾಸಿ ಮಕ್ಕಳು ಬಾಲವಾಡಿಗೆ ಬರಲಾರರು ಎಂದು ಕಂಡಾಗ, ಅವರ ಅಂಗಳಕ್ಕೇ ಹೋಗಿ ಆಡಿಸಿದರು. ಮರಾಠಿಯ ಅಂಗಣ, ಕನ್ನಡದ ಅಂಗಳ. ಸರಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಈ ಹೆಸರೇ ನಿಂತಿತು. ಹೆಸರು ನಿಂತಷ್ಟು ಆಟ ನಿಲ್ಲಲಿಲ್ಲ. ಬಹಳ ಕಡೆ ಅದು ಖಿಚಡಿ ಕೊಟ್ಟು ಕಳಿಸುವ ಮನೆಯಾಯಿತು. ಅದನ್ನು ತಿದ್ದಲು ಕೇಂದ್ರ ಸರಕಾರ 2024ರಲ್ಲಿ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿ "ನವಚೇತನ" ಎಂಬ ಕೈಪಿಡಿ ತಂದಿದೆ. ತಿಂಗಳಿಗೆ ತಕ್ಕಂತೆ ಮನೆಯಲ್ಲಿ, ಅಂಗನವಾಡಿಯಲ್ಲಿ ಆಡಿಸಬಹುದಾದ 140 ಆಟಗಳು ಅದರಲ್ಲಿವೆ.

ಆದ್ದರಿಂದ ಮುಂದಿನ ಸಲ ಅಂಗನವಾಡಿಗೆ ಹೋದಾಗ ಸೇವಿಕೆಯನ್ನು ಎರಡು ಮಾತು ಕೇಳಿ. ನನ್ನ ಕೂಸಿನ ವಯಸ್ಸಿಗೆ ಆ ಕೈಪಿಡಿಯಲ್ಲಿ ಯಾವ ಆಟವಿದೆ, ತೋರಿಸಿರಿ ಎಂಬುದು ಒಂದು. ಎರಡನೆಯದು, ಕನ್ನಡ ಮನೆಯಿಂದ ಬಂದ ಮಕ್ಕಳು ಸುಮ್ಮನೆ ಮೂಲೆಯಲ್ಲಿ ಕೂರುತ್ತಾರೆಯೇ ಎಂಬುದು. ಕೂರುತ್ತಿದ್ದರೆ ಆಕೆಯ ತಪ್ಪೆಂದು ತಿಳಿಯಬೇಡಿ. ಆಕೆಗೆ ಕನ್ನಡ ಬಾರದೆ ಇರಬಹುದು. ಮಗು ದಿನವೂ ಆಡುವಾಗ ಬಳಸುವ ಇಪ್ಪತ್ತು-ಮೂವತ್ತು ಶಬ್ದಗಳನ್ನು ಮರಾಠಿ ಲಿಪಿಯಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಿ: ಚೆಂಡು, ಬಾ, ಕೊಡು, ನೀರು, ಬುಗುರಿ, ಜೋಕಾಲಿ, ಉಚ್ಚಿ, ಹಸಿವು, ಹೆದರಿಕೆ. ವಾರಕ್ಕೊಮ್ಮೆ ಅಜ್ಜಿಯೊಬ್ಬಳು ಹೋಗಿ ಒಂದು ತಾಸು ಕನ್ನಡದಲ್ಲಿ ಕತೆ ಹೇಳಿ ಆಡಿಸಿ ಬರುತ್ತೇನೆ ಎಂದರೆ ಬೇಡವೆನ್ನುವ ಸೇವಿಕೆ ಅಪರೂಪ. ಮರಾಠಿ ಮಕ್ಕಳೂ ಕೂತು ಕೇಳುತ್ತಾರೆ. ಅಜ್ಜಿ ಹೋಗುವಾಗ ನಾಲ್ಕು ದಂಟು ಹಿಡಿದುಕೊಂಡು ಹೋಗಲಿ.